ಮುಂದೆ ಸಮುದ್ರ, ಹಿಂದೆ ಸೈನ್ಯ: ತವಕ್ಕುಲ್ ಕಲಿಸುವ ಧೈರ್ಯ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹ ರೂಪ)

ಸರ್ವಸ್ತುತಿಯೂ ಅಲ್ಲಾಹನಿಗೆ. ಅವನ ಅಂತ್ಯ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಹಾಗೂ ಅನುಚರರ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ.



ಸವಾಲುಗಳ ಎದುರು ತವಕ್ಕುಲ್ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಯವರು ನನಗೆ ತಿಳಿಸಿದಾಗ ಕೆಲವು ಟಿಪ್ಪಣಿಗಳನ್ನು ಬರೆದುಕೊಂಡಿದ್ದೆ. ಆದರೆ ಇಂದು ಬೆಳಿಗ್ಗೆ ವಿದ್ಯಾರ್ಥಿಗಳಿಂದ ಸಂಗ್ರಹಿಸಿದ ಪ್ರಶ್ನೆಗಳ ಚೀಟಿಗಳನ್ನು ನನ್ನ ಕೈಗಿತ್ತರು. ಅವುಗಳಲ್ಲಿ ಒಂದು ಚೀಟಿಯನ್ನು ಓದಿದ ಮೇಲೆ ಆ ಟಿಪ್ಪಣಿಗಳನ್ನು ಜೇಬಿನಲ್ಲಿಯೇ ಇಟ್ಟುಕೊಂಡಿದ್ದೇನೆ. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವ ಒಬ್ಬ ಮಗಳು ಬರೆದದ್ದು ಅದು. ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಆಕೆ ಕೇಳುತ್ತಾಳೆ: "ಸರ್, ನಾನು ಅಲ್ಲಾಹನ ಮೇಲೆ ತವಕ್ಕುಲ್ ಇಟ್ಟಿದ್ದೇನೆ. ಐದು ಹೊತ್ತಿನ ನಮಾಝ್ ಮಾಡುತ್ತೇನೆ. ಆದರೂ ಪರೀಕ್ಷೆ ನೆನೆಸಿಕೊಂಡರೆ ಕೈ ನಡುಗುತ್ತದೆ. ಮನೆಯ ಪರಿಸ್ಥಿತಿ ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ. ಹಾಗಾದರೆ ನನ್ನ ಈಮಾನ್ ದುರ್ಬಲವೇ?"

ಮಗಳೇ, ನೀನು ಎಲ್ಲಿ ಕುಳಿತಿದ್ದರೂ ಕೇಳು. ಇಂದಿನ ನನ್ನ ಮಾತೆಲ್ಲ ನಿನ್ನ ಈ ಪ್ರಶ್ನೆಗೇ ಉತ್ತರ.

ತವಕ್ಕುಲ್ ಎಂದರೇನು?

ಮೊದಲು ಆ ಪದವನ್ನೇ ಸ್ವಲ್ಪ ನೋಡೋಣ. ಕನ್ನಡದಲ್ಲಿ ನಾವು ದಿನನಿತ್ಯ ಬಳಸುವ ವಕೀಲ ಎಂಬ ಪದವೂ ತವಕ್ಕುಲ್ ಎಂಬ ಪದವೂ ಒಂದೇ ಅರಬಿ ಧಾತುವಿನಿಂದ ಬಂದವು. ನಮ್ಮ ವ್ಯವಹಾರವನ್ನು ಒಬ್ಬರಿಗೆ ಒಪ್ಪಿಸಿಕೊಡುವುದು ಎಂಬುದೇ ಅದರ ಅರ್ಥ. ಅಲ್ಲಾಹನ ಪವಿತ್ರ ನಾಮಗಳಲ್ಲಿ ಅಲ್ ವಕೀಲ್ ಎಂಬುದೂ ಒಂದು.

ಈಗ ಯೋಚಿಸಿ. ಒಬ್ಬ ಮನುಷ್ಯ ತನ್ನ ಜಮೀನಿನ ವ್ಯಾಜ್ಯವನ್ನು ವಕೀಲರಿಗೆ ಒಪ್ಪಿಸುತ್ತಾನೆ. ವಕಾಲತ್ತಿಗೆ ಸಹಿ ಹಾಕುತ್ತಾನೆ. ಅಲ್ಲಿಗೆ ಅವನ ಕೆಲಸ ಮುಗಿಯಿತೇ? ಇಲ್ಲ. ದಾಖಲೆಪತ್ರಗಳನ್ನು ಅವನೇ ಹುಡುಕಿ ತರಬೇಕು. ಸಾಕ್ಷಿಗಳನ್ನು ಅವನೇ ಕರೆತರಬೇಕು. ವಾಯಿದೆಯ ದಿನ ಕೋರ್ಟಿಗೆ ಹಾಜರಾಗಬೇಕು. ಹಾಗಾದರೆ ವಕೀಲರಿಗೆ ಒಪ್ಪಿಸಿದ್ದರಿಂದ ಅವನಿಗೆ ಸಿಕ್ಕಿದ್ದೇನು? ಅವನು ಒಬ್ಬಂಟಿಯಲ್ಲ ಎಂಬ ನೆಮ್ಮದಿ ಸಿಕ್ಕಿತು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವ ಒಬ್ಬರು ತನ್ನ ಪರವಾಗಿ ನಿಂತಿದ್ದಾರೆ ಎಂಬ ಧೈರ್ಯ ಸಿಕ್ಕಿತು. ಮನುಷ್ಯನಾದ ವಕೀಲ ತಪ್ಪಬಹುದು, ಮರೆಯಬಹುದು, ಸೋಲಬಹುದು. ಸರ್ವಜ್ಞನಾದ ಅಲ್ಲಾಹನಿಗೆ ಆ ಯಾವ ಕೊರತೆಯೂ ಇಲ್ಲ. ಆದರೆ ಹಾಜರಾಗುವ ಹೊಣೆಯನ್ನು ಅವನು ನಮ್ಮ ಮೇಲಿನಿಂದ ತೆಗೆದುಹಾಕಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದ ಒಬ್ಬ ವ್ಯಕ್ತಿ, ತನ್ನ ಒಂಟೆಯನ್ನು ಕಟ್ಟಿಹಾಕಿ ಭರವಸೆ ಇಡಬೇಕೋ ಅಥವಾ ಬಿಟ್ಟು ಭರವಸೆ ಇಡಬೇಕೋ ಎಂದು ಕೇಳಿದನು. ಮೊದಲು ಕಟ್ಟು, ಅನಂತರ ಭರವಸೆ ಇಡು ಎಂಬ ಅರ್ಥದ ಉತ್ತರವನ್ನು ಪ್ರವಾದಿ(ಸ) ನೀಡಿದರೆಂದು ತಿರ್ಮಿದಿಯ ವರದಿಯಲ್ಲಿದೆ. ಈ ಹದೀಸನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಹಗ್ಗವನ್ನು ಮುಟ್ಟದೆಯೇ ಒಂಟೆ ಕಳೆದುಹೋಯಿತೆಂದು ವಿಧಿಯನ್ನು ದೂರುತ್ತೇವೆ.

ಪ್ರವಾದಿ ಮೂಸಾ(ಅ) ಹೆದರಿದ್ದರು

ಈಗ ಆ ಮಗಳ ಪ್ರಶ್ನೆಗೆ ಬರುತ್ತೇನೆ. ಭಯವಿದ್ದರೆ ಈಮಾನ್ ಇಲ್ಲವೇ?

ಪವಿತ್ರ ಕುರ್‌ಆನಿನಲ್ಲಿ ಅತಿ ಹೆಚ್ಚು ಬಾರಿ ಹೆಸರಿಸಲ್ಪಟ್ಟಿರುವ ಪ್ರವಾದಿ ಮೂಸಾ(ಅ). ಅವರ ಜೀವನವನ್ನು ತ್ವಾಹಾ, ಅಶ್ಶುಅರಾ, ಅಲ್ ಕಸಸ್ ಮೊದಲಾದ ಅಧ್ಯಾಯಗಳಲ್ಲಿ ಓದಿರಿ. ಅಲ್ಲಿ ಒಂದು ಸಂಗತಿ ನಿಮ್ಮ ಗಮನಕ್ಕೆ ಬರುತ್ತದೆ. ಅವರ ಭಯವನ್ನು ಕುರ್‌ಆನ್ ಎಲ್ಲಿಯೂ ಮರೆಮಾಚಿಲ್ಲ. ಕೈತಪ್ಪಿನಿಂದ ಒಬ್ಬನ ಪ್ರಾಣ ಹೋದಾಗ ಅವರು ಹೆದರುತ್ತ, ಸುತ್ತಮುತ್ತ ನೋಡುತ್ತ ಈಜಿಪ್ಟಿನ ಆ ನಗರದಿಂದ ಹೊರಟುಹೋದರು. ತೂರ್ ಬೆಟ್ಟದ ಬಳಿ ತಮ್ಮ ಕೈಯ ಕೋಲು ಹಾವಾಗಿ ಚಲಿಸಿದಾಗ ತಿರುಗಿಯೂ ನೋಡದೆ ಓಡಿದರು. ಫಿರ್‌ಔನನ ಬಳಿಗೆ ಹೋಗಬೇಕೆಂಬ ಆದೇಶ ಬಂದಾಗ, ಅವರು ನನ್ನನ್ನು ಕೊಂದುಬಿಡುವರೆಂಬ ಭಯ ನನಗಿದೆ ಎಂದು ಅಲ್ಲಾಹನೊಡನೆ ನೇರವಾಗಿ ನಿವೇದಿಸಿಕೊಂಡರು. ಜಾದೂಗಾರರು ಹಗ್ಗ ಮತ್ತು ಕೋಲುಗಳನ್ನು ಎಸೆದಾಗ ಅವರ ಮನಸ್ಸಿನೊಳಗೆ ಮತ್ತೆ ಅಳುಕು ಮೂಡಿತು.

ಅಲ್ಲಾಹನೊಂದಿಗೆ ಸಂಭಾಷಿಸಿದ ಪ್ರವಾದಿ ಅವರು. ಅವರ ಈಮಾನಿನ ಬಗ್ಗೆ ಯಾರಿಗಾದರೂ ಸಂಶಯವಿದೆಯೇ? ಆದರೂ ಅವರು ಹೆದರಿದರು. ನೀನು ಹೆದರಿದ್ದೇಕೆ, ನಿನಗೆ ಈಮಾನ್ ಇಲ್ಲವೇ ಎಂದು ಅಲ್ಲಾಹನು ಅವರನ್ನು ಆಕ್ಷೇಪಿಸಲಿಲ್ಲ. ಹೆದರಬೇಡ ಎಂದು ಸಾಂತ್ವನ ನೀಡಿದನು. ಫಿರ್‌ಔನನ ಬಳಿಗೆ ಹೊರಟ ಇಬ್ಬರು ಸಹೋದರರಿಗೆ, ನಾನು ನಿಮ್ಮ ಜೊತೆಗಿದ್ದೇನೆ, ಎಲ್ಲವನ್ನೂ ಕೇಳುತ್ತೇನೆ ಮತ್ತು ನೋಡುತ್ತೇನೆ ಎಂಬ ಅಭಯ ಕೊಟ್ಟನು. ಫಿರ್‌ಔನ್ ಒಳ್ಳೆಯವನಾಗಿಬಿಡುವನೆಂದು ಹೇಳಲಿಲ್ಲ. ದಾರಿಯಲ್ಲಿ ಕಷ್ಟವಿಲ್ಲವೆಂದೂ ಹೇಳಲಿಲ್ಲ. ಜೊತೆಗಿದ್ದೇನೆ ಎಂದು ಮಾತ್ರ ಹೇಳಿದನು. ಸತ್ಯವಿಶ್ವಾಸಿಯ ಧೈರ್ಯದ ಬೇರು ಇರುವುದು ಇಲ್ಲಿಯೇ.

ಹೆದರಿಕೆ ಹುಟ್ಟುವುದು ಮನುಷ್ಯಸಹಜ. ಆ ಹೆದರಿಕೆಯ ಕೈಗೆ ನಮ್ಮ ಜೀವನದ ಲಗಾಮನ್ನು ಕೊಡುವುದೇ ಸಮಸ್ಯೆ. ಮೂಸಾ(ಅ) ಹೆದರಿದರು, ಆದರೆ ಹೋದರು.

ಹೋಗುವ ಮೊದಲು ಅವರು ಬೇಡಿಕೊಂಡದ್ದೇನು ಎಂಬುದನ್ನೂ ಗಮನಿಸಿರಿ. ತಮ್ಮ ಹೃದಯವನ್ನು ವಿಶಾಲಗೊಳಿಸಬೇಕೆಂದು, ಕಾರ್ಯವನ್ನು ಸುಗಮಗೊಳಿಸಬೇಕೆಂದು, ಜನರು ತಮ್ಮ ಮಾತನ್ನು ಅರ್ಥಮಾಡಿಕೊಳ್ಳುವಂತೆ ನಾಲಗೆಯ ತೊಡಕನ್ನು ಬಿಡಿಸಬೇಕೆಂದು ಪ್ರಾರ್ಥಿಸಿದರು. ಬಳಿಕ ತಮ್ಮ ಸಹೋದರ ಹಾರೂನ್(ಅ)ರನ್ನು ತಮಗೆ ಜೊತೆಗಾರನನ್ನಾಗಿ ಕೊಡಬೇಕೆಂದು ಕೇಳಿಕೊಂಡರು. ಹಾರೂನ್ ನನಗಿಂತ ಚೆನ್ನಾಗಿ ಮಾತನಾಡಬಲ್ಲರು ಎಂದು ಒಪ್ಪಿಕೊಂಡರು. ತಮ್ಮ ದೌರ್ಬಲ್ಯವೇನೆಂದು ಅವರಿಗೆ ತಿಳಿದಿತ್ತು. ಅದನ್ನು ಹೇಳಲು ಅವರು ನಾಚಿಕೊಳ್ಳಲಿಲ್ಲ. ಇನ್ನೊಬ್ಬರ ನೆರವನ್ನು ಕೇಳುವುದು ತವಕ್ಕುಲ್‌ಗೆ ವಿರುದ್ಧವೆಂದು ಭಾವಿಸಲಿಲ್ಲ. ಅಲ್ಲಾಹನು ಅವರ ಬೇಡಿಕೆಯನ್ನು ಈಡೇರಿಸಿದನು.

ವಿದ್ಯಾರ್ಥಿಗಳೇ, ಗಣಿತ ಅರ್ಥವಾಗದಿದ್ದರೆ ಅರ್ಥವಾಗಿಲ್ಲ ಎಂದು ಹೇಳುವುದಕ್ಕೆ ನಿಮಗೇಕೆ ನಾಚಿಕೆ? ಇಂಗ್ಲಿಷ್‌ನಲ್ಲಿ ಮಾತನಾಡಲು ನಾಲಗೆ ತೊಡರಿದರೆ ಅದರಲ್ಲಿ ಅವಮಾನವೇನು? ನಿಮ್ಮ ಹಾರೂನನನ್ನು ಹುಡುಕಿಕೊಳ್ಳಿ. ಅವನು ನಿಮ್ಮ ಸಹಪಾಠಿಯಾಗಿರಬಹುದು, ಅಧ್ಯಾಪಕರಾಗಿರಬಹುದು, ಪಕ್ಕದ ಮನೆಯ ಅಕ್ಕನೂ ಆಗಿರಬಹುದು.

ಕೈಯಲ್ಲಿದ್ದ ಕೋಲು

ಇನ್ನು ಆ ಮಹಾ ಸನ್ನಿವೇಶಕ್ಕೆ ಬರೋಣ. ಬನೂ ಇಸ್ರಾಈಲರನ್ನು ಕರೆದುಕೊಂಡು ಮೂಸಾ(ಅ) ರಾತ್ರೋರಾತ್ರಿ ಹೊರಟಿದ್ದಾರೆ. ಸೂರ್ಯೋದಯದ ಹೊತ್ತಿಗೆ ಫಿರ್‌ಔನನ ಸೈನ್ಯ ಬೆನ್ನಟ್ಟಿ ಬಂದಿದೆ. ಮುಂದೆ ಸಮುದ್ರ. ಎರಡೂ ಗುಂಪುಗಳು ಪರಸ್ಪರ ಕಣ್ಣಿಗೆ ಬಿದ್ದಾಗ ಮೂಸಾ(ಅ)ರ ಸಂಗಡಿಗರು ನಾವು ಸಿಕ್ಕಿಬಿದ್ದೆವು ಎಂದು ಕೂಗಿಕೊಂಡರು. ಅವರ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಕಣ್ಣಿಗೆ ಕಾಣುವುದನ್ನು ಮಾತ್ರ ಕೂಡಿಸಿ ಕಳೆದರೆ ಉತ್ತರ ಅದೇ ಆಗಿತ್ತು. ಮೂಸಾ(ಅ) ಆ ಲೆಕ್ಕಕ್ಕೆ ಒಂದು ಅಂಶವನ್ನು ಸೇರಿಸಿದರು. ಹಾಗೆ ಆಗದು, ನನ್ನ ಪ್ರಭು ನನ್ನೊಂದಿಗಿದ್ದಾನೆ, ಅವನು ದಾರಿ ತೋರಿಸುವನು ಎಂದರು.

ನೆನಪಿಡಿ, ಆ ಮಾತನ್ನು ಹೇಳುವಾಗ ಸಮುದ್ರ ಇನ್ನೂ ಸೀಳಿರಲಿಲ್ಲ. ದಾರಿ ಯಾವುದೆಂದು ಅವರಿಗೂ ತಿಳಿದಿರಲಿಲ್ಲ. ದಾರಿ ಕಂಡ ಮೇಲೆ ಭರವಸೆ ಇಡಲು ಯಾರಿಂದಲೂ ಸಾಧ್ಯ. ಕಾಣುವ ಮೊದಲು ಇಡುವುದೇ ತವಕ್ಕುಲ್.

ಆಗ ಅಲ್ಲಾಹನು ಅವರಿಗೆ ಒಂದು ಕೆಲಸ ಕೊಟ್ಟನು. ನಿನ್ನ ಕೋಲಿನಿಂದ ಸಮುದ್ರಕ್ಕೆ ಹೊಡೆ ಎಂಬ ಆದೇಶವಾಯಿತು. ಸಮುದ್ರವನ್ನು ಸೀಳಲು ಅಲ್ಲಾಹನಿಗೆ ಆ ಕೋಲಿನ ಅಗತ್ಯವಿತ್ತೇ? ಖಂಡಿತ ಇರಲಿಲ್ಲ. ಒಂದು ಕೋಲಿನ ಏಟಿಗೆ ಸಮುದ್ರ ಸೀಳುವುದಿಲ್ಲ ಎಂಬುದು ಸಣ್ಣ ಮಗುವಿಗೂ ಗೊತ್ತು. ಆದರೂ ಹೊಡೆಯಬೇಕಾಗಿತ್ತು. ಮನುಷ್ಯನ ಪಾಲಿನ ಕೆಲಸ ಎಷ್ಟೇ ಚಿಕ್ಕದಾಗಿರಲಿ, ಅದನ್ನು ಅವನೇ ಮಾಡಬೇಕು. ಉಳಿದದ್ದು ಅಲ್ಲಾಹನ ಕೈಯಲ್ಲಿದೆ.

ಆ ಕೋಲಾದರೂ ಎಂಥದು? ತೂರ್ ಬೆಟ್ಟದ ಬಳಿ ನಿನ್ನ ಕೈಯಲ್ಲಿರುವುದೇನೆಂದು ಅಲ್ಲಾಹನು ಕೇಳಿದಾಗ ಮೂಸಾ(ಅ)ರು ಕೊಟ್ಟ ಉತ್ತರವನ್ನು ನೋಡಿ. ಅದು ಅವರು ಊರಿಕೊಂಡು ನಡೆಯುವ ಕೋಲು. ಆಡುಗಳಿಗಾಗಿ ಸೊಪ್ಪು ಉದುರಿಸುವ ಕೋಲು. ಮದ್‌ಯನ್‌ನಲ್ಲಿ ವರ್ಷಗಟ್ಟಲೆ ಕೂಲಿಗಾಗಿ ದುಡಿದವರ ಕೈಯಲ್ಲಿದ್ದ ಸಾಮಾನ್ಯ ಕೋಲು. ಅಲ್ಲಾಹನು ಅವರಿಗೆ ಬೇರೊಂದು ಆಯುಧವನ್ನು ಕೊಡಲಿಲ್ಲ. ಕೈಯಲ್ಲಿದ್ದದ್ದನ್ನೇ ಬಳಸಲು ಹೇಳಿದನು.

ಈಗ ಅದೇ ಪ್ರಶ್ನೆಯನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನಿಮ್ಮ ಕೈಯಲ್ಲಿ ಏನಿದೆ? ನನ್ನ ಬಳಿ ಟ್ಯೂಶನ್‌ಗೆ ಹಣವಿಲ್ಲ, ಪ್ರತ್ಯೇಕ ಕೋಣೆಯಿಲ್ಲ, ಅಪ್ಪ ಅಮ್ಮ ಓದಿದವರಲ್ಲ ಎಂದು ಇಲ್ಲದವುಗಳ ಪಟ್ಟಿಯನ್ನು ನಾವೆಲ್ಲ ಬೇಗನೆ ಹೇಳುತ್ತೇವೆ. ಇರುವುದರ ಪಟ್ಟಿ ಮಾಡಿ. ಫಜ್ರ್ ನಮಾಝಿನ ಬಳಿಕ ಶಾಲೆಗೆ ಹೊರಡುವವರೆಗೆ ಒಂದೂವರೆ ಗಂಟೆ ಸಮಯವಿದೆ. ಹಿಂದಿನ ವರ್ಷದವರು ಬಿಟ್ಟುಹೋದ ಹಳೆಯ ಪುಸ್ತಕಗಳಿವೆ. ಸಂಶಯ ಕೇಳಿದರೆ ಸಂತೋಷದಿಂದ ಹೇಳಿಕೊಡುವ ಒಬ್ಬ ಅಧ್ಯಾಪಕರು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಅದೇ ನಿಮ್ಮ ಕೋಲು. ಅದರಿಂದ ಹೊಡೆಯಿರಿ.

ಒಬ್ಬ ತಾಯಿ ಮತ್ತು ಒಬ್ಬ ಅಕ್ಕ

ಇಲ್ಲಿ ಬಹಳಷ್ಟು ತಾಯಂದಿರು ಸೇರಿದ್ದೀರಿ. ಮೂಸಾ(ಅ)ರ ಕಥೆ ಆರಂಭವಾಗುವುದು ಒಬ್ಬ ತಾಯಿಯಿಂದ ಎಂಬುದನ್ನು ನಿಮಗೆ ನೆನಪಿಸಲು ಬಯಸುತ್ತೇನೆ. ಗಂಡುಮಕ್ಕಳನ್ನು ಕೊಲ್ಲಿಸುತ್ತಿದ್ದ ದೊರೆಯ ಕಾಲ ಅದು. ಮಗುವಿಗೆ ಹಾಲುಣಿಸು, ಭಯವಾದರೆ ಅದನ್ನು ನದಿಗೆ ಬಿಡು, ಅದನ್ನು ನಿನ್ನ ಬಳಿಗೆ ಮರಳಿಸುವೆವು ಎಂಬ ಸಂದೇಶ ಆ ತಾಯಿಗೆ ಸಿಕ್ಕಿತು. ಆಕೆ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ನೀರಿಗೆ ಬಿಟ್ಟಳು. ಬಿಟ್ಟ ಮೇಲೆ ಆಕೆಯ ಹೃದಯ ಬರಿದಾಗಿಹೋಯಿತೆಂದು ಕುರ್‌ಆನ್ ತಿಳಿಸುತ್ತದೆ. ಅಲ್ಲಾಹನು ಆಕೆಯ ಹೃದಯವನ್ನು ಗಟ್ಟಿಗೊಳಿಸದಿರುತ್ತಿದ್ದರೆ ಆಕೆ ಗುಟ್ಟನ್ನು ಬಯಲು ಮಾಡಿಬಿಡುತ್ತಿದ್ದಳು. ಅಂದರೆ ಧೈರ್ಯವೆಂಬುದು ಆಕೆಯ ಸ್ವಂತದ್ದಾಗಿರಲಿಲ್ಲ, ಅಲ್ಲಾಹನ ಕೊಡುಗೆಯಾಗಿತ್ತು.

ಆದರೆ ಮರುಗಳಿಗೆಯಲ್ಲಿ ಆಕೆ ಮಾಡಿದ್ದೇನು? ಅಲ್ಲಾಹನೇ ಮಾತು ಕೊಟ್ಟಿದ್ದಾನೆ, ಇನ್ನು ನನಗೇನು ಎಂದು ಮನೆಯಲ್ಲಿ ಕೂರಲಿಲ್ಲ. ಮಗಳನ್ನು ಕರೆದು ಅವನ ಹಿಂದೆಯೇ ಹೋಗು ಎಂದಳು. ಆ ಹುಡುಗಿ ಯಾರಿಗೂ ಸಂಶಯ ಬಾರದಂತೆ ದೂರದಿಂದ ನೋಡುತ್ತ ಹೋದಳು. ಮಗು ಯಾವ ದಾದಿಯ ಹಾಲನ್ನೂ ಕುಡಿಯದಿದ್ದಾಗ, ಈ ಮಗುವನ್ನು ಸಾಕಬಲ್ಲ ಒಂದು ಮನೆಯನ್ನು ತೋರಿಸಲೇ ಎಂದು ಅರಮನೆಯವರೊಡನೆ ಜಾಣ್ಮೆಯಿಂದ ಕೇಳಿದಳು. ಹಾಗೆ ಮಗು ತಾಯಿಯ ಮಡಿಲಿಗೆ ಮರಳಿತು.

ಅಲ್ಲಾಹನ ವಾಗ್ದಾನ ಈಡೇರಿದ್ದು ಒಬ್ಬ ಹುಡುಗಿಯ ಧೈರ್ಯ ಮತ್ತು ಬುದ್ಧಿವಂತಿಕೆಯ ಮೂಲಕ. ಹೆಣ್ಣುಮಗಳಿಗೆ ಇಷ್ಟೆಲ್ಲ ಓದು, ಧೈರ್ಯ, ಲೋಕಜ್ಞಾನ ಏಕೆ ಎಂದು ಕೇಳುವ ಹಿರಿಯರು ಈ ಘಟನೆಯನ್ನು ಮತ್ತೊಮ್ಮೆ ಓದಬೇಕೆಂದು ವಿನಂತಿಸುತ್ತೇನೆ.

ಸೌರ್ ಗುಹೆಯ ಪಾಠ

ನಮ್ಮ ಪ್ರವಾದಿ(ಸ)ರ ಜೀವನದಲ್ಲಿಯೂ ಇದೇ ಪಾಠವಿದೆ. ಕ್ರಿ.ಶ. 622ರಲ್ಲಿ ಮಕ್ಕಾದಿಂದ ಮದೀನಕ್ಕೆ ಹಿಜ್ರತ್ ಹೊರಟಾಗ ಅವರು ಹಝ್ರತ್ ಅಬೂಬಕರ್(ರ)ರೊಂದಿಗೆ ಸೌರ್ ಗುಹೆಯಲ್ಲಿ ಮೂರು ರಾತ್ರಿ ತಂಗಿದರು. ಶತ್ರುಗಳು ಗುಹೆಯ ಬಾಯಿಯ ತನಕ ಬಂದರು. ಅವರು ಕೆಳಗೆ ತಮ್ಮ ಪಾದಗಳತ್ತ ನೋಡಿದರೂ ಸಾಕು, ನಾವು ಕಾಣಿಸುತ್ತೇವೆ ಎಂದು ಅಬೂಬಕರ್(ರ) ಕಳವಳಗೊಂಡರು. ದುಃಖಿಸಬೇಡಿ, ಅಲ್ಲಾಹನು ನಮ್ಮ ಜೊತೆಗಿದ್ದಾನೆ ಎಂದು ಪ್ರವಾದಿ(ಸ) ಅವರನ್ನು ಸಂತೈಸಿದರು. ಸಮುದ್ರ ತೀರದಲ್ಲಿ ಮೂಸಾ(ಅ) ನೀಡಿದ ಉತ್ತರವೇ ಗುಹೆಯಲ್ಲಿಯೂ ಕೇಳಿಬಂತು.

ಆದರೆ ಆ ಗುಹೆಯನ್ನು ತಲುಪುವ ಮೊದಲು ನಡೆದ ಸಿದ್ಧತೆಯನ್ನು ನೋಡಿ. ಮದೀನ ಇರುವುದು ಮಕ್ಕಾದ ಉತ್ತರಕ್ಕೆ, ಅವರು ಹೋದದ್ದು ದಕ್ಷಿಣಕ್ಕೆ. ಎರಡು ಒಂಟೆಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಲಾಗಿತ್ತು. ಮರುಭೂಮಿಯ ದಾರಿ ಬಲ್ಲ ಅಬ್ದುಲ್ಲಾ ಬಿನ್ ಉರೈಕಿತ್ ಎಂಬವರನ್ನು ಮಾರ್ಗದರ್ಶಿಯಾಗಿ ಗೊತ್ತುಮಾಡಲಾಗಿತ್ತು. ಅವರು ಆಗ ಮುಸ್ಲಿಮರಾಗಿರಲಿಲ್ಲ, ಆದರೆ ತಮ್ಮ ಕೆಲಸದಲ್ಲಿ ನಿಪುಣರೂ ನಂಬಿಗಸ್ತರೂ ಆಗಿದ್ದರು. ಅಬೂಬಕರ್(ರ)ರ ಮಗ ಅಬ್ದುಲ್ಲಾ(ರ) ಹಗಲಿನಲ್ಲಿ ಮಕ್ಕಾದಲ್ಲಿದ್ದು ರಾತ್ರಿ ಸುದ್ದಿ ತರುತ್ತಿದ್ದರು. ಆಮಿರ್ ಬಿನ್ ಫುಹೈರಾ(ರ) ಆಡುಗಳನ್ನು ಅತ್ತ ಹೊಡೆದುಕೊಂಡು ಬಂದು ಹಾಲು ಒದಗಿಸುತ್ತಿದ್ದರು. ಮಗಳು ಅಸ್ಮಾ(ರ) ಬುತ್ತಿಯನ್ನು ಕಟ್ಟಲು ಹಗ್ಗವಿಲ್ಲದಾಗ ತಮ್ಮ ನಡುಪಟ್ಟಿಯನ್ನೇ ಹರಿದು ಕಟ್ಟಿದರು. ಇತ್ತ ಜನರು ಇಟ್ಟಿದ್ದ ಅಮಾನತುಗಳನ್ನು ಮರಳಿಸುವ ಹೊಣೆಯನ್ನು ಹಝ್ರತ್ ಅಲಿ(ರ)ರಿಗೆ ವಹಿಸಲಾಗಿತ್ತು.

ಅಲ್ಲಾಹನ ಮೇಲೆ ಅತ್ಯಂತ ಹೆಚ್ಚು ಭರವಸೆಯಿದ್ದ ಮಹಾಪುರುಷರೇ ಇಷ್ಟು ಯೋಜನಾಬದ್ಧವಾಗಿ ಕೆಲಸ ಮಾಡಿದ್ದರೆ, ಟೈಮ್ ಟೇಬಲ್ ಕೂಡ ಹಾಕಿಕೊಳ್ಳದೆ ಪರೀಕ್ಷೆಗೆ ಹೋಗಿ ತವಕ್ಕುಲ್ ಎನ್ನುವ ನಮ್ಮನ್ನು ಏನೆನ್ನಬೇಕು?

ನನ್ನ ಒಂದು ತಪ್ಪು

ಇಷ್ಟು ಹೊತ್ತು ನಿಮಗೆ ಉಪದೇಶ ಮಾಡಿದೆ. ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂಬತ್ತನೆಯ ತರಗತಿ. ಲೆಕ್ಕದಲ್ಲಿ ಚುರುಕು. ಆ ವರ್ಷ ಅವನ ತಂದೆ ತೀರಿಕೊಂಡರು. ತಾಯಿ ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಬೇಕಾಯಿತು. ಒಂದು ಸಂಜೆ ಆಕೆ ಶಾಲೆಗೆ ಬಂದು ಬಾಗಿಲ ಬಳಿ ನಿಂತರು. "ಮಾಸ್ಟ್ರೇ, ಇವನನ್ನು ಮುಂದೆ ಓದಿಸುವುದು ಹೇಗೆಂದು ಗೊತ್ತಾಗುವುದಿಲ್ಲ. ಹೆದರಿಕೆಯಾಗುತ್ತದೆ," ಎಂದರು. ನಾನು ಏನು ಹೇಳಿದೆ ಗೊತ್ತೇ? "ಅಲ್ಲಾಹನ ಮೇಲೆ ತವಕ್ಕುಲ್ ಇಡಿ ಅಮ್ಮಾ, ಅವನು ದಾರಿ ತೋರಿಸುತ್ತಾನೆ," ಎಂದೆ. ಆಕೆ ತಲೆಯಾಡಿಸಿ ಹೋದರು. ಒಳ್ಳೆಯ ಮಾತು ಹೇಳಿದೆನೆಂಬ ತೃಪ್ತಿಯಿಂದ ನಾನೂ ಮನೆಗೆ ಹೋದೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಹುಡುಗ ಬರಲಿಲ್ಲ. ಮುಂಬಯಿಯ ಒಂದು ಹೋಟೆಲಿಗೆ ಕೆಲಸಕ್ಕೆ ಹೋದನೆಂದು ತಿಳಿಯಿತು.

ಬಹಳ ವರ್ಷಗಳ ನಂತರ ಒಂದು ಮದುವೆಯಲ್ಲಿ ಅವನು ಸಿಕ್ಕಿದ. ದುಡಿದು ತಂಗಿಯರ ಮದುವೆ ಮಾಡಿದ್ದ, ತಾಯಿಯನ್ನು ಚೆನ್ನಾಗಿ ನೋಡಿಕೊಂಡಿದ್ದ. ನನ್ನ ಕೈ ಹಿಡಿದುಕೊಂಡು ಪ್ರೀತಿಯಿಂದ ಮಾತನಾಡಿದ. ಹೊರಡುವಾಗ ಹೇಳಿದ: "ಸರ್, ಅಂದು ನೀವು ಉಮ್ಮನಿಗೆ ಹೇಳಿದ್ದು ಸರಿಯೇ ಇತ್ತು. ಅಲ್ಲಾಹ್ ನಮ್ಮನ್ನು ಕೈಬಿಡಲಿಲ್ಲ. ಆದರೆ ನನಗೆ ಓದಬೇಕಿತ್ತು ಸರ್."

ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಆ ತಾಯಿಗೆ ತವಕ್ಕುಲ್ ಇತ್ತು. ಇಲ್ಲದಿದ್ದರೆ ಅಷ್ಟು ದೂರ ನಡೆದು ಶಾಲೆಗೆ ಬರುತ್ತಿರಲಿಲ್ಲ. ಶಾಲೆಗೆ ಬಂದದ್ದೇ ಆಕೆಯ ಕೋಲಿನ ಏಟು. ಅಲ್ಲಾಹನು ಆಕೆಯನ್ನು ನನ್ನ ಬಾಗಿಲಿಗೆ ಕಳುಹಿಸಿದ್ದು ಉಪದೇಶ ಕೇಳುವುದಕ್ಕಾಗಿ ಅಲ್ಲ. ಆ ಮನೆಗೆ ನಾನು ಹಾರೂನ್ ಆಗಬೇಕಾಗಿತ್ತು. ನಾಲ್ಕು ಮಂದಿ ಅಧ್ಯಾಪಕರು ಕೈ ಸೇರಿಸಿದ್ದರೆ ಆ ಹುಡುಗನ ಒಂದು ವರ್ಷದ ಖರ್ಚು ನಮಗೆ ಭಾರವಾಗುತ್ತಿರಲಿಲ್ಲ. ನನ್ನ ಹೊಣೆಯಿಂದ ತಪ್ಪಿಸಿಕೊಳ್ಳಲು ನಾನು ಒಂದು ಪವಿತ್ರ ಪದವನ್ನು ಬಳಸಿಕೊಂಡೆ. ಅಲ್ಲಾಹನು ನನ್ನನ್ನು ಕ್ಷಮಿಸಲಿ.

ಸಂಘದ ಸದಸ್ಯರೇ, ಇದನ್ನು ಹೇಳಿದ್ದು ನನ್ನ ಮನಸ್ಸನ್ನು ಹಗುರ ಮಾಡಿಕೊಳ್ಳುವುದಕ್ಕಾಗಿ ಅಲ್ಲ. ಅಂತಹ ಮನೆಗಳು ಇಂದಿಗೂ ಇವೆ ಎಂಬುದಕ್ಕಾಗಿ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ ನಮ್ಮ ಕಣ್ಣು ತೆರೆಸಿತ್ತು. ದೇಶದಲ್ಲಿ 6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಒಂದೋ ಶಾಲೆಗೇ ಹೋಗಿರಲಿಲ್ಲ, ಇಲ್ಲವೇ ಅರ್ಧದಲ್ಲಿ ಬಿಟ್ಟಿದ್ದರು ಎಂದು ಅದು ತಿಳಿಸಿತ್ತು. ಆ ಬಳಿಕ ಸಮುದಾಯದಲ್ಲಿ ಎಷ್ಟೋ ಜಾಗೃತಿ ಮೂಡಿದೆ, ಹೆಣ್ಣುಮಕ್ಕಳು ಮುಂದೆ ಬಂದಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಒಂಬತ್ತು, ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಕಾಲು ಹಿಂದೆಗೆಯುವ ಮಕ್ಕಳು ಪ್ರತಿಯೊಂದು ಮೊಹಲ್ಲಾದಲ್ಲೂ ಇದ್ದಾರೆ. ಅವರಿಗೆ ತವಕ್ಕುಲ್‌ನ ಬಗ್ಗೆ ಹೇಳುವ ಮೊದಲು ಅವರ ಫೀಸು ಎಷ್ಟೆಂದು ಕೇಳಿ. ಸ್ಕಾಲರ್‌ಶಿಪ್‌ನ ಅರ್ಜಿ ತುಂಬಿಸಿಕೊಡಿ. ಆದಾಯ ಪ್ರಮಾಣಪತ್ರಕ್ಕಾಗಿ ಆ ತಾಯಿಯ ಜೊತೆ ನಾಡಕಚೇರಿಗೆ ಒಮ್ಮೆ ಹೋಗಿಬನ್ನಿ. ಆಮೇಲೆ ಬೇಕಾದರೆ ಉಪದೇಶ ಮಾಡಿ.

ಸಮುದ್ರ ಸೀಳದಿದ್ದರೆ?

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಭರವಸೆಯನ್ನೂ ಇಟ್ಟೆ, ಪ್ರಯತ್ನವನ್ನೂ ಮಾಡಿದೆ. ಆದರೂ ಫೇಲಾದೆ, ಸೀಟು ಸಿಗಲಿಲ್ಲ. ಆಗ ಏನು?

ಹಿಜರಿ 3ರಲ್ಲಿ, ಅಂದರೆ ಕ್ರಿ.ಶ. 625ರಲ್ಲಿ ನಡೆದ ಉಹುದ್ ಯುದ್ಧವನ್ನು ನೆನಪಿಸಿಕೊಳ್ಳಿ. ಸುಮಾರು 70 ಮಂದಿ ಸಹಾಬಿಗಳು ಹುತಾತ್ಮರಾದರು. ಸ್ವತಃ ಪ್ರವಾದಿ(ಸ)ರು ಗಾಯಗೊಂಡರು. ಮನೆಮನೆಯಲ್ಲೂ ದುಃಖ ತುಂಬಿತ್ತು. ಮರುದಿನವೇ ಪ್ರವಾದಿ(ಸ)ರು ಅದೇ ಗಾಯಾಳುಗಳನ್ನು ಕರೆದುಕೊಂಡು ಹಮ್ರಾಉಲ್ ಅಸದ್ ಎಂಬಲ್ಲಿಯ ತನಕ ಹೊರಟರು. ನಿಮ್ಮ ವಿರುದ್ಧ ಜನ ಸೇರಿದ್ದಾರೆ, ಹೆದರಿಕೊಳ್ಳಿ ಎಂದು ಕೆಲವರು ಬೆದರಿಸಿದರು. ಅದನ್ನು ಕೇಳಿ ಅವರ ಈಮಾನ್ ಹೆಚ್ಚಾಯಿತೆಂದೂ, ನಮಗೆ ಅಲ್ಲಾಹನೇ ಸಾಕು, ಅವನೇ ಅತ್ಯುತ್ತಮ ವಕೀಲನೆಂದು ಅವರು ಹೇಳಿದರೆಂದೂ ಆಲಿ ಇಮ್ರಾನ್ ಅಧ್ಯಾಯವು ತಿಳಿಸುತ್ತದೆ.

ನೋಡಿ, ಹಸ್ಬುನಲ್ಲಾಹ್ ಎಂಬ ಆ ಮಾತು ಗೆದ್ದವರ ಬಾಯಿಂದ ಬಂದುದಲ್ಲ. ಹಿಂದಿನ ದಿನ ಪೆಟ್ಟು ತಿಂದವರ ಬಾಯಿಂದ ಬಂದದ್ದು. ಇನ್ನೂ ರಕ್ತ ಒಣಗದ ಗಾಯಗಳೊಡನೆ ಮತ್ತೊಮ್ಮೆ ಎದ್ದು ನಿಂತವರ ಮಾತು ಅದು. ನಾವು ಕೇಳಿದ್ದೆಲ್ಲ ನಾವು ಕೇಳಿದ ದಿನವೇ ಸಿಗುವುದೆಂಬ ಖಾತರಿಯನ್ನು ತವಕ್ಕುಲ್ ಕೊಡುವುದಿಲ್ಲ. ಬಿದ್ದ ಮೇಲೆ ಏಳುವ ಶಕ್ತಿಯನ್ನು ಕೊಡುತ್ತದೆ. ಅಂಕಪಟ್ಟಿ ನಿಮ್ಮ ಒಂದು ವರ್ಷದ ಲೆಕ್ಕವನ್ನು ಹೇಳಬಹುದು. ನಿಮ್ಮ ಬೆಲೆಯನ್ನು ಹೇಳುವ ಅಧಿಕಾರ ಅದಕ್ಕಿಲ್ಲ. ಮರುಪರೀಕ್ಷೆ ಇದೆ, ಬೇರೆ ಕೋರ್ಸುಗಳಿವೆ, ಬೇರೆ ದಾರಿಗಳಿವೆ. ಫಲಿತಾಂಶದ ದಿನ ಮನಸ್ಸು ಕುಸಿದರೆ ದಯವಿಟ್ಟು ಒಂಟಿಯಾಗಿ ಕೂರಬೇಡಿ. ತಾಯಿಯ ಬಳಿ ಹೇಳಿ, ಅಧ್ಯಾಪಕರ ಬಳಿ ಹೇಳಿ, ಈ ಸಂಘದ ಯಾರ ಬಳಿಯಾದರೂ ಹೇಳಿ. ಹೆತ್ತವರಲ್ಲಿ ನನ್ನ ವಿನಂತಿಯೇನೆಂದರೆ, ಆ ದಿನ ಮಗುವಿನ ಅಂಕ ಕೇಳುವ ಮೊದಲು ಊಟವಾಯಿತೇ ಎಂದು ಕೇಳಿ.

ಕೊನೆಯ ಮಾತು

ಪ್ರವಾದಿ(ಸ)ರು ಆಗಾಗ ಮಾಡುತ್ತಿದ್ದ ಒಂದು ಪ್ರಾರ್ಥನೆಯಿದೆ. ಚಿಂತೆ, ದುಃಖ, ಅಸಹಾಯಕತೆ, ಸೋಮಾರಿತನ, ಹೇಡಿತನ, ಜಿಪುಣತನ, ಸಾಲದ ಹೊರೆ, ಜನರ ದಬ್ಬಾಳಿಕೆ, ಇವುಗಳಿಂದ ಅವರು ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಹೇಡಿತನ ಮತ್ತು ಸೋಮಾರಿತನ ಎರಡರಿಂದಲೂ ಒಂದೇ ಉಸಿರಿನಲ್ಲಿ ಅಭಯ ಕೋರಿದ್ದರಲ್ಲಿ ನಮಗೆ ಪಾಠವಿದೆ. ಪ್ರಯತ್ನಿಸದವನಿಗೆ ಧೈರ್ಯ ಬರುವುದಿಲ್ಲ. ಒಂದು ಹೆಜ್ಜೆ ಇಟ್ಟವನಿಗೆ ಎರಡನೆಯ ಹೆಜ್ಜೆಯ ಧೈರ್ಯವನ್ನು ಅಲ್ಲಾಹನು ಕೊಡುತ್ತಾನೆ. ಈ ದುಆವನ್ನು ನಿಮ್ಮ ಮದ್ರಸದ ಉಸ್ತಾದರಿಂದ ಕೇಳಿ ಕಲಿತುಕೊಳ್ಳಿ, ಅರ್ಥಸಹಿತ ಕಲಿತುಕೊಳ್ಳಿ.

ಚೀಟಿ ಬರೆದ ಮಗಳೇ, ಈಗ ನಿನ್ನ ಪ್ರಶ್ನೆಗೆ ಉತ್ತರ. ಕೈ ನಡುಗುವುದರಿಂದ ಈಮಾನ್ ದುರ್ಬಲವೆಂದು ತಿಳಿಯಬೇಡ. ನಡುಗುವ ಕೈಯಲ್ಲಿಯೇ ಪೆನ್ನು ಹಿಡಿ. ಇಂದು ರಾತ್ರಿ ಇಶಾ ನಮಾಝಿನ ಬಳಿಕ ನಿನ್ನ ಹೆದರಿಕೆಯನ್ನು ಮೂಸಾ(ಅ)ರಂತೆ ಇದ್ದದ್ದು ಇದ್ದಂತೆ ಅಲ್ಲಾಹನಲ್ಲಿ ಹೇಳಿಕೊ. ಹೇಳಿದ ಮೇಲೆ ಒಂದು ಪಾಠ ಓದು. ಒಂದೇ ಸಾಕು. ಮನೆಯ ಪರಿಸ್ಥಿತಿಯ ಬಗ್ಗೆ ಬರೆದಿದ್ದೀಯಲ್ಲ, ಅದನ್ನು ನೀನೊಬ್ಬಳೇ ಹೊರಬೇಕಾಗಿಲ್ಲ. ಸಭೆ ಮುಗಿದ ಮೇಲೆ ಸಂಘದ ಮಹಿಳಾ ವಿಭಾಗದ ಸಹೋದರಿಯರು ಹೊರಗಿನ ಮೇಜಿನ ಬಳಿ ಇರುತ್ತಾರೆ. ಅವರ ಬಳಿ ಹೋಗಿ ಮಾತನಾಡು. ಹಿಂದೊಮ್ಮೆ ಒಬ್ಬ ತಾಯಿ ನನ್ನ ಬಾಗಿಲಿಗೆ ಬಂದಾಗ ನಾನು ಬರಿಮಾತು ಹೇಳಿ ಕಳುಹಿಸಿದೆ. ಈ ಸಲ ಹಾಗಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.

ದಯಾಮಯನಾದ ಅಲ್ಲಾಹನು ನಮ್ಮ ಮಕ್ಕಳ ಹೃದಯಗಳನ್ನು ವಿಶಾಲಗೊಳಿಸಲಿ, ಅವರ ಕಾರ್ಯಗಳನ್ನು ಸುಗಮಗೊಳಿಸಲಿ. ಅವರ ಪಾಲಿಗೆ ಹಾರೂನರಾಗುವ ಭಾಗ್ಯವನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.

ವಸ್ಸಲಾಮು ಅಲೈಕುಂ ವರಹ್ಮತುಲ್ಲಾಹ್.